ಆ್ಯಪ್ ನೋಂದಾಯಿಸುವ ಮುನ್ನ

ತಮ್ಮಾ, ತಂಗೀ,

ದಾಂಡೇಲಿಯಿಂದ ಗಣೇಶಗುಡಿಗೆ, ಅಲ್ಲಿಂದ ಜೋಯಿಡಾಕ್ಕೆ ಹೋಗುವ ದಾರಿಯುದ್ದಕ್ಕೂ ಈಗ ಹೋಮ್‌ಸ್ಟೇ ಬೋರ್ಡುಗಳೇ. ಹುಬ್ಬಳ್ಳಿ, ಬೆಳಗಾವಿ, ಗೋವಾ, ಪುಣೆ, ಬೆಂಗಳೂರಿನಿಂದ ಬರುವವರು ನಮ್ಮ ಊರನ್ನು ಮೊದಲು ನೋಡುವುದು ಇನ್‌ಸ್ಟಾಗ್ರಾಂನಲ್ಲಿ, ರೂಮ್ ಕೇಳುವುದು ವಾಟ್ಸಾಪ್‌ನಲ್ಲಿ. ಹಾಗಾಗಿ ಹಳಿಯಾಳದಲ್ಲಿ ಇಂಜಿನಿಯರಿಂಗ್ ಓದುತ್ತಿರುವ, ದಾಂಡೇಲಿಯಲ್ಲಿ ಡಿಗ್ರಿ ಮಾಡುತ್ತಿರುವ ನಿನ್ನ ಹತ್ತಿರ ಯಾರೋ ಕಾಕಾ, ಯಾರೋ ಮಾಮಾ ಬಂದೇ ಬರುತ್ತಾರೆ. "ಫೇಸ್‌ಬುಕ್‌ನಿಂದ ನೇರ ಲಾಗಿನ್ ಆಗಬೇಕು, ವಾಟ್ಸಾಪ್‌ನಲ್ಲಿ ತಾನಾಗಿಯೇ ಉತ್ತರ ಹೋಗಬೇಕು, ಅಂಥದ್ದೊಂದು ಆ್ಯಪ್ ಮಾಡಿಕೊಡು" ಎನ್ನುತ್ತಾರೆ. ನೀನು ಸಂತೋಷದಿಂದ ಒಪ್ಪಿಕೊಳ್ಳುತ್ತೀಯ. ಒಪ್ಪಿಕೊಳ್ಳಬೇಕಾದ್ದೇ. ಊರಿನಲ್ಲೇ ಇದ್ದು ಊರಿಗಾಗುವ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಆಗ ನೀನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರರ ಒಡೆತನವಿರುವ ಮೆಟಾ ಕಂಪನಿಯ ಡೆವಲಪರ್ ತಾಣ ತೆರೆಯುತ್ತೀಯ. ಹೆಸರು ಹಾಕು, ಇಮೇಲ್ ಹಾಕು, ಷರತ್ತುಗಳಿಗೆ ಒಪ್ಪಿಗೆಯ ಟಿಕ್ ಹಾಕು, ಆ್ಯಪ್ ತಯಾರು. ಹೆಚ್ಚು ಹೊತ್ತಿನ ಕೆಲಸವಲ್ಲ. ಈ ಕಸುಬಿನಲ್ಲಿ ಕೂದಲು ಬೆಳ್ಳಗಾದವನಾಗಿ ನಾನು ನಿನಗೆ ಹೇಳಬೇಕಾದ ಮಾತು ಒಂದೇ. ಆ ಅರ್ಜಿಯ ಒಂದೊಂದು ಕಾಲಂ ತುಂಬುವಾಗಲೂ ನೀನು ಮುಖ ನೋಡದ ಜನರ ಪರವಾಗಿ ಮಾತು ಕೊಡುತ್ತಿರುತ್ತೀಯ. ಹೇಗಾದರೂ ದಾಟಿ ಮುಂದೆ ಹೋಗಬೇಕಾದ ಅಡ್ಡಿ ಎಂದು ಅದನ್ನು ತಿಳಿಯಬೇಡ. ಕೊಟ್ಟ ಮಾತು ಎಂದು ತಿಳಿದು ತುಂಬು.

ಆ್ಯಪನ್ನು ಜನರಿಗೆ ತೆರೆಯುವ ಹೊತ್ತಿಗೆ ಪ್ರಶ್ನೆಗಳು ಹೆಚ್ಚುತ್ತವೆ. ಇಷ್ಟೆಲ್ಲ ಯಾಕೆ ಕೇಳುತ್ತಾರೆ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಫೇಸ್‌ಬುಕ್ ಹೊರಗಿನವರಿಗೆ ತನ್ನ ಬಾಗಿಲು ತೆರೆದದ್ದು 2007ರ ಮೇ ತಿಂಗಳಲ್ಲಿ. ಆಗ ಯಾರು ಬೇಕಾದರೂ ಆ್ಯಪ್ ಮಾಡಬಹುದಿತ್ತು. ಅದನ್ನು ಬಳಸಿದವನ ಮಾಹಿತಿ ಮಾತ್ರವಲ್ಲ, ಅವನ ಸ್ನೇಹಿತರ ಮಾಹಿತಿಯನ್ನೂ ಪಡೆಯಬಹುದಿತ್ತು. 2013ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕೋಗನ್ ಎಂಬ ಸಂಶೋಧಕ ವ್ಯಕ್ತಿತ್ವ ಪರೀಕ್ಷೆಯ ಒಂದು ಆ್ಯಪ್ ಮಾಡಿದ. ಸುಮಾರು 2.7 ಲಕ್ಷ ಜನ ಅದನ್ನು ಬಳಸಿದರು. ಅವರ ಸ್ನೇಹಿತರೆಲ್ಲ ಸೇರಿ 8.7 ಕೋಟಿ ಜನರವರೆಗಿನ ಮಾಹಿತಿ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಚುನಾವಣಾ ಸಲಹೆಯ ಕಂಪನಿಯ ಕೈಸೇರಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು.

ಭಾರತದ ಲೆಕ್ಕವನ್ನು ನೀನು ನೆನಪಿಡಬೇಕು. ಇಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಸೋರಿರಬಹುದಾದವರು 5,62,455 ಜನ. ಬೆರಳೆಣಿಕೆಯ ಜನ ಹೂಂ ಎಂದರು, ಐದೂವರೆ ಲಕ್ಷಕ್ಕೂ ಮಿಕ್ಕಿದ ಜನರನ್ನು ಯಾರೂ ಕೇಳಲೇ ಇಲ್ಲ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು. ಸ್ನೇಹಿತರ ಮಾಹಿತಿ ಕೊಡುವ ದಾರಿ 2015ಕ್ಕೇ ಮುಚ್ಚಿತ್ತಾದರೂ ಆ ಹೊತ್ತಿಗೆ ಹೋಗಬೇಕಾದದ್ದು ಹೋಗಿಯಾಗಿತ್ತು. ಇವತ್ತು ನಿನ್ನ ಮುಂದೆ ಬರುವ ಉದ್ದದ ಫಾರಂ, ಪರಿಶೀಲನೆ, ವರ್ಷಕ್ಕೊಮ್ಮೆ ಕೊಡಬೇಕಾದ ದೃಢೀಕರಣ ಎಲ್ಲವೂ ಆ ಪ್ರಕರಣದ ಪಾಠದಿಂದ ಬಿಗಿಯಾದವು. ಬೇಸರಪಟ್ಟುಕೊಳ್ಳಬೇಡ.

ಈಗ ಕೆಲಸಕ್ಕೆ ಬರೋಣ. ಡೆವಲಪರ್ ಆಗಿ ನೋಂದಾಯಿಸಲು ನಿನ್ನದೇ ನಿಜವಾದ ಫೇಸ್‌ಬುಕ್ ಖಾತೆ ಬೇಕು. ಆ್ಯಪ್‌ಗೆಂದೇ ಇನ್ನೊಂದು ಸುಳ್ಳು ಖಾತೆ ತೆರೆಯಬೇಡ, ಗೆಳೆಯನ ಖಾತೆಯಿಂದ ಮಾಡಬೇಡ. ಸುಳ್ಳು ಖಾತೆ ಒಂದಲ್ಲ ಒಂದು ದಿನ ಬಂದ್ ಆಗುತ್ತದೆ. ಅದರ ಜತೆ ಆ್ಯಪಿನ ಮೇಲಿನ ಹಿಡಿತವೂ ಹೋಗುತ್ತದೆ. ಹೋಮ್‌ಸ್ಟೇ ಯಜಮಾನರು ಬುಕಿಂಗ್ ತಪ್ಪಿ ಕೂರಬೇಕಾಗುತ್ತದೆ. ಖಾತೆಗೆ ಎರಡು ಹಂತದ ಲಾಗಿನ್ ಹಾಕು. ಪಾಸ್‌ವರ್ಡ್ ಕದ್ದವನಿಗೂ ಎರಡನೇ ಬಾಗಿಲು ತೆರೆಯಬಾರದು.

ಮುಂದಿನ ಪ್ರಶ್ನೆ, ಆ್ಯಪ್ ಯಾರದು? ಬರೆದವನು ನೀನಾದರೂ ವ್ಯವಹಾರ ಕಾಕಾನದು. ಹಾಗಾಗಿ ಅವರ ವ್ಯವಹಾರದ ಹೆಸರಿನಲ್ಲೇ ಮೆಟಾದಲ್ಲಿ ಬಿಸಿನೆಸ್ ಖಾತೆ ಮಾಡಿಸು, ಆ್ಯಪನ್ನು ಅದಕ್ಕೆ ಜೋಡಿಸು. ಅವರನ್ನು ಅಡ್ಮಿನ್ ಮಾಡು, ಮನೆಯ ಇನ್ನೊಬ್ಬರನ್ನೂ ಅಡ್ಮಿನ್ ಮಾಡು, ನೀನು ಡೆವಲಪರ್ ಪಾತ್ರದಲ್ಲಿ ಇರು. ಓದು ಮುಗಿಸಿ ನಾಳೆ ನೀನು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋಗುತ್ತೀಯ. ಆಗ ಕೀಲಿ ನಿನ್ನ ಜೇಬಿನಲ್ಲೇ ಉಳಿದರೆ ಇಲ್ಲಿ ಒಂದು ಮನೆಯ ದುಡಿಮೆ ನಿಲ್ಲುತ್ತದೆ. ಕೆಲಸ ಒಪ್ಪಿಸಿ ಹೋಗುವ ದಾರಿಯನ್ನು ಕೆಲಸ ಹಿಡಿದ ದಿನವೇ ಮಾಡಿಡಬೇಕು.

ಆ್ಯಪಿನ ಹೆಸರಿನಲ್ಲಿ ಫೇಸ್‌ಬುಕ್, ಇನ್‌ಸ್ಟಾ ಮುಂತಾದ ಕಂಪನಿಯ ಗುರುತುಗಳನ್ನು ಸೇರಿಸಲು ಬಿಡುವುದಿಲ್ಲ. ಹೋಮ್‌ಸ್ಟೇಯ ಹೆಸರೇ ಇಡು. ಬಂದವನಿಗೆ ತಾನು ಯಾರಿಗೆ ಅನುಮತಿ ಕೊಡುತ್ತಿದ್ದೇನೆ ಎಂದು ನೋಡಿದ ಕೂಡಲೇ ತಿಳಿಯಬೇಕು. ಸಂಪರ್ಕದ ಇಮೇಲ್ ಕೇಳುತ್ತಾರೆ. ಯಾರೂ ತೆರೆಯದ ಹಳೆಯ ಇಮೇಲ್ ಕೊಡಬೇಡ. ನಿಯಮ ಬದಲಾದರೆ, ದೂರು ಬಂದರೆ, ಗಡುವು ಕೊಟ್ಟರೆ ಸುದ್ದಿ ಬರುವುದು ಅಲ್ಲಿಗೇ. ಗಡುವಿನೊಳಗೆ ಉತ್ತರ ಹೋಗದಿದ್ದರೆ ಆ್ಯಪನ್ನು ತಡೆಹಿಡಿಯುತ್ತಾರೆ. ಯಜಮಾನರೂ ನೀನೂ ಇಬ್ಬರೂ ನೋಡುವ ಇಮೇಲ್ ಇರಲಿ.

ಆ್ಯಪ್ ಸೃಷ್ಟಿಯಾದ ಕೂಡಲೇ ನಿನಗೆ ಎರಡು ಸಿಗುತ್ತವೆ. ಒಂದು ಆ್ಯಪ್ ಐಡಿ, ಇನ್ನೊಂದು ಆ್ಯಪ್ ಸೀಕ್ರೆಟ್. ಐಡಿ ಹತ್ತು ಜನ ನೋಡಿದರೂ ಚಿಂತೆಯಿಲ್ಲ. ಸೀಕ್ರೆಟ್ ಮಾತ್ರ ಸರ್ವರಿನಲ್ಲೇ ಇರಬೇಕು. ಫೋನಿಗೆ ಇಳಿಯುವ ಆ್ಯಪಿನೊಳಗೆ ಅದನ್ನು ಬರೆಯಬೇಡ, ಬಿಚ್ಚಿ ನೋಡುವವರಿಗೆ ಅದು ಸಿಗುತ್ತದೆ. ಕೋಡ್ ಜತೆ ಗಿಟ್‌ಹಬ್‌ಗೆ ಏರಿಸಬೇಡ. ಪ್ರಾಜೆಕ್ಟ್ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಬೇಡ. ಹೊರಗೆ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, ಅದೇ ದಿನ ರೀಸೆಟ್ ಮಾಡು. ಲಾಗಿನ್ ಆದಾಗ ಸಿಗುವ ಬಳಕೆದಾರನ ಆ್ಯಕ್ಸೆಸ್ ಟೋಕನ್‌ಗೂ ಇದೇ ಮಾತು. ಅಲ್ಪಾವಧಿಯ ಟೋಕನ್ ಒಂದೆರಡು ಗಂಟೆ ಬಾಳುತ್ತದೆ, ದೀರ್ಘಾವಧಿಯದು ಸುಮಾರು 60 ದಿನ. ಅಷ್ಟು ದಿನ ಅದನ್ನು ಹಿಡಿದವನು ಆ ಬಳಕೆದಾರನ ಅನುಮತಿಯನ್ನೇ ಹಿಡಿದಂತೆ.

ಲಾಗಿನ್ ಮುಗಿದ ಮೇಲೆ ಬಳಕೆದಾರ ಮರಳಿ ಬರಬೇಕಾದ ವಿಳಾಸವನ್ನು ಪೂರ್ತಿಯಾಗಿ, ಅಕ್ಷರ ತಪ್ಪದೆ ನಮೂದಿಸು. ವೆಬ್‌ಸೈಟ್ ಎಚ್‌ಟಿಟಿಪಿಎಸ್‌ನಲ್ಲೇ ಇರಬೇಕು. ಫೇಸ್‌ಬುಕ್ ಲಾಗಿನ್‌ಗೆ 2018ರಿಂದ ಅದು ಕಡ್ಡಾಯ. ವಿಳಾಸ ಹೊಂದುತ್ತಿಲ್ಲ ಎಂದು ಪದೇಪದೇ ತಪ್ಪು ತೋರಿಸುತ್ತದೆ ಎಂಬ ಸಿಟ್ಟಿಗೆ ಬಿಗಿ ತಪಾಸಣೆಯನ್ನು ಸಡಿಲಿಸುವ ದಾರಿ ಹುಡುಕಬೇಡ. ಲಾಗಿನ್ನಿನ ಗುಟ್ಟು ಬೇರೆ ಯಾರದೋ ತಾಣಕ್ಕೆ ಹೋಗದಂತೆ ಕಾಯುವುದು ಆ ತಪಾಸಣೆಯೇ.

ಇನ್ನು ಅನುಮತಿಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸು. ಫೇಸ್‌ಬುಕ್ ಲಾಗಿನ್‌ನಲ್ಲಿ ಹೆಸರು, ಚಿತ್ರ, ಇಮೇಲ್ ಸುಲಭವಾಗಿ ಸಿಗುತ್ತವೆ. ಅದರಾಚೆಗೆ ಹುಟ್ಟಿದ ದಿನ, ಊರು, ಚಿತ್ರಗಳು, ಸ್ನೇಹಿತರು ಹೀಗೆ ಪಟ್ಟಿ ಬೆಳೆಯುತ್ತದೆ. "ಮುಂದೆ ಬೇಕಾಗಬಹುದು, ಈಗಲೇ ಕೇಳಿಟ್ಟುಕೊಳ್ಳೋಣ" ಎನಿಸುತ್ತದೆ. ಕೇಳಿಟ್ಟುಕೊಳ್ಳಬೇಡ. ಒಂದು ರಾತ್ರಿ ರೂಮ್ ಕೊಡಲು ಏನು ಬೇಕು? ಹೆಸರು, ಫೋನ್ ನಂಬರು, ಬರುವ ದಿನ, ಹೋಗುವ ದಿನ, ಎಷ್ಟು ಜನ, ಊಟ ಯಾವುದು. ಮುಗಿಯಿತು. ಅವರ ಹುಟ್ಟುಹಬ್ಬ ಯಾವತ್ತು ಎಂಬುದು ಕಾಳಿ ನದಿ ದಂಡೆಯ ರೂಮಿಗೆ ಬೇಡ.

ಹೆಚ್ಚಿನ ಅನುಮತಿ ಬೇಕೆಂದರೆ ಆ್ಯಪ್ ರಿವ್ಯೂ ಎಂಬ ಪರಿಶೀಲನೆಗೆ ಹೋಗಬೇಕು. ಯಾವ ಅನುಮತಿ ಯಾವ ಪರದೆಯಲ್ಲಿ ಯಾತಕ್ಕೆ ಬಳಕೆಯಾಗುತ್ತದೆ ಎಂದು ಬರೆದು, ವಿಡಿಯೋ ಮಾಡಿ ತೋರಿಸಬೇಕು. ಹಲವು ಅನುಮತಿಗಳಿಗೆ ವ್ಯವಹಾರದ ದಾಖಲೆಗಳನ್ನೂ ಕೊಡಬೇಕು. ಪರಿಶೀಲಕರು ತಿರಸ್ಕರಿಸಿದ ಮೇಲೆ ಒಂದೊಂದನ್ನೇ ಬಿಡುವ ಬದಲು ಮೊದಲೇ ಒಂದು ಹಾಳೆ ತಗೊಂಡು ಕೂತುಕೋ. ಪ್ರತಿ ಅನುಮತಿಯ ಮುಂದೆ ಅದರಿಂದ ಅತಿಥಿಗೆ ಏನು ಉಪಯೋಗ ಎಂದು ಒಂದು ಸಾಲು ಬರೆ. ಸಾಲು ಹೊಳೆಯದಿದ್ದರೆ ಆ ಅನುಮತಿ ನಿನಗೆ ಬೇಕಿಲ್ಲ.

ಮಾಹಿತಿ ಕಡಿಮೆ ಇಟ್ಟುಕೋ ಎಂಬ ಮಾತು ನಮ್ಮ ಸೀಮೆಯಲ್ಲಿ ಇನ್ನೂ ಮೂರು ಕಾರಣಕ್ಕೆ ಮುಖ್ಯ.

ಮೊದಲನೆಯದು ಮುಂಡಗೋಡ. 1966ರಿಂದ ಅಲ್ಲಿ ಟಿಬೆಟನ್ ನಿರಾಶ್ರಿತರ ವಸತಿಯಿದೆ, ಗಾಡೆನ್ ಮತ್ತು ಡ್ರೆಪುಂಗ್ ಮಠಗಳಿವೆ. ವಿದೇಶಿಯರು ಅಲ್ಲಿ ಉಳಿಯಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಅಲ್ಲಿಗೆ ಬರುವವರಿಗಾಗಿ ಆ್ಯಪ್ ಮಾಡುವಾಗ ಪಾಸ್‌ಪೋರ್ಟಿನ ಚಿತ್ರ, ಅನುಮತಿ ಪತ್ರ, ಯಾರನ್ನು ಭೇಟಿಯಾಗಲು ಬಂದರು ಎಂಬುದನ್ನೆಲ್ಲ ನಿನ್ನ ಸರ್ವರಿನಲ್ಲಿ ತುಂಬಿಕೊಳ್ಳಲು ಹೋಗಬೇಡ. ಕಾನೂನು ಕೇಳುವ ದಾಖಲೆಯನ್ನು ವಸತಿಗೃಹದವರು ಕಾನೂನು ಹೇಳಿದ ಕಡೆ ಕೊಡಲಿ. ತಾಯ್ನಾಡು ಬಿಟ್ಟು ಬಂದವರ ಹೆಸರಿನ ಪಟ್ಟಿ ಯಾರ ಕೈಗೆ ಸಿಕ್ಕರೆ ದೂರದಲ್ಲಿ ಉಳಿದ ಯಾವ ಸಂಬಂಧಿಕರಿಗೆ ಏನಾದೀತು ಎಂದು ಇಲ್ಲಿ ಕೂತ ನಮಗೆ ಗೊತ್ತಾಗುವುದಿಲ್ಲ. ಮಠಗಳಲ್ಲಿ ಓದುವ ಚಿಕ್ಕ ಹುಡುಗರೂ ಇದ್ದಾರೆ. ಅವರ ಮುಖ ಕಾಣುವ ಚಿತ್ರಗಳನ್ನು ಆ್ಯಪ್ ತಾನಾಗಿ ಹಂಚುವಂತೆ ಎಂದೂ ಮಾಡಬೇಡ.

ಎರಡನೆಯದು ನಮ್ಮ ಕಾಡು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾದದ್ದು 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. 2011ರಲ್ಲಿ ದಾಂಡೇಲಿಯ ಸುತ್ತ ಮಂಗಟ್ಟೆ ಹಕ್ಕಿಗಾಗಿಯೇ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ. ಸಂದಿಯಷ್ಟೇ ಉಳಿದ ಆ ಬಾಯಿಯ ಮೂಲಕ ಗಂಡು ತಿಂಗಳುಗಟ್ಟಲೆ ಆಹಾರ ತಂದುಕೊಡುತ್ತದೆ. ಅತಿಥಿಯೊಬ್ಬ ಅದರ ಚಿತ್ರ ತೆಗೆದು ನಿನ್ನ ಆ್ಯಪಿಗೆ ಹಾಕಿದ ಎನ್ನು. ಫೋನಿನಲ್ಲಿ ಲೊಕೇಶನ್ ಚಾಲೂ ಇದ್ದರೆ ಆ ಮರದ ಅಕ್ಷಾಂಶ, ರೇಖಾಂಶ ಚಿತ್ರದೊಳಗೇ ಕೂತಿರುತ್ತವೆ. ನಾಳೆ ಕ್ಯಾಮೆರಾ ಹಿಡಿದು ಹತ್ತು ಜನ ಆ ಮರದ ಬುಡದಲ್ಲಿ ನಿಂತರೆ ಗಂಡು ಗೂಡಿನ ಹತ್ತಿರ ಬರಲು ಅಂಜುತ್ತದೆ, ಒಳಗಿರುವ ತಾಯಿ-ಮರಿ ಉಪವಾಸ ಬೀಳುತ್ತವೆ. ಹಾಗಾಗಿ ಚಿತ್ರ ಸರ್ವರಿಗೆ ಬಂದ ಕೂಡಲೇ ಸ್ಥಳದ ಮಾಹಿತಿಯನ್ನು ಅಳಿಸುವಂತೆ ಕೋಡ್ ಬರೆ. ಕೆಲವೇ ಸಾಲಿನ ಕೆಲಸ. ಅತಿಥಿಯ ಚಿತ್ರವನ್ನು ಹೋಮ್‌ಸ್ಟೇ ಪುಟದಲ್ಲಿ ಹಾಕುವ ಮೊದಲು ಅವರ ಒಪ್ಪಿಗೆಯನ್ನು ಬೇರೆಯಾಗಿ ಕೇಳು. ರೂಮ್ ಬುಕ್ ಮಾಡಿದವರು ಚಿತ್ರ ಹಂಚಲೂ ಒಪ್ಪಿದರೆಂದು ನೀನಾಗಿ ಅಂದುಕೊಳ್ಳಬೇಡ.

ಮೂರನೆಯದು ಜೋಯಿಡಾದ ಹಳ್ಳಿಗಳು. ಅಲ್ಲಿ ಇವತ್ತಿಗೂ ಎಷ್ಟೋ ಕಡೆ ಸಿಗ್ನಲ್ ಸಿಗಬೇಕೆಂದರೆ ದಿಬ್ಬ ಹತ್ತಬೇಕು. ಗೆಡ್ಡೆ-ಗೆಣಸು ಮೇಳಕ್ಕೆ ಬುಟ್ಟಿ ಹೊತ್ತು ಬರುವ ಕುಣಬಿ ಅಕ್ಕಂದಿರಿಗೆ, ಅವರ ಮನೆಯಲ್ಲಿ ಉಳಿಯಬೇಕೆಂದು ಬರುವ ವಯಸ್ಸಾದವರಿಗೆ ಫೇಸ್‌ಬುಕ್ ಖಾತೆ ಇರಲೇಬೇಕೆಂದಿಲ್ಲ. ಫೇಸ್‌ಬುಕ್ ಲಾಗಿನ್ ಒಂದೇ ಬಾಗಿಲು ಆಗಬಾರದು. ಫೋನ್ ನಂಬರು ಕೊಟ್ಟು, ಎಸ್‌ಎಮ್‌ಎಸ್‌ನಲ್ಲಿ ಬಂದ ಸಂಖ್ಯೆ ಹಾಕಿ ಬುಕ್ ಮಾಡುವ ದಾರಿಯೂ ಇರಲಿ, ಬರೀ ಫೋನ್ ಮಾಡಿ ಕೇಳುವ ದಾರಿಯೂ ಇರಲಿ.

ವಾಟ್ಸಾಪ್ ಜೋಡಿಸುವುದಾದರೆ ಅಭ್ಯಾಸಕ್ಕೆಂದು ಮೆಟಾ ಕೊಡುವ ಪರೀಕ್ಷಾ ನಂಬರಿನಲ್ಲೇ ಮೊದಲು ಕಲಿ. ಕಾಕಾನ ಹಳೆಯ ನಂಬರಿನಲ್ಲಿ ವರ್ಷಗಳ ಗಿರಾಕಿಗಳಿದ್ದಾರೆ. ಆ ನಂಬರನ್ನು ಜೋಡಿಸಿದರೆ ಫೋನಿನ ವಾಟ್ಸಾಪ್ ಏನಾಗುತ್ತದೆ ಎಂದು ಪೂರ್ತಿ ಓದಿ ತಿಳಿಯದೆ ಅದಕ್ಕೆ ಕೈಹಾಕಬೇಡ. ಅತಿಥಿ ಸಂದೇಶ ಕಳಿಸಿದ ಮೇಲೆ 24 ಗಂಟೆ ನೀನು ಮುಕ್ತವಾಗಿ ಉತ್ತರಿಸಬಹುದು. ಆಮೇಲೆ ಮೊದಲೇ ಮಂಜೂರಾದ ನಮೂನೆಯ ಸಂದೇಶ ಮಾತ್ರ ಹೋಗುತ್ತದೆ. ಒಮ್ಮೆ ಬಂದು ಉಳಿದು ಹೋದವರಿಗೆಲ್ಲ ಹಬ್ಬಹಬ್ಬಕ್ಕೂ ಆಫರ್ ಕಳಿಸುವ ಚಟ ಹಚ್ಚಿಕೊಳ್ಳಬೇಡ. ಬೇಕು ಎಂದು ಹೇಳಿದವರಿಗೆ ಕಳಿಸು, ಬೇಡ ಎಂದವರ ಹೆಸರನ್ನು ಅದೇ ದಿನ ತೆಗೆ.

ಆ್ಯಪನ್ನು ಸಾರ್ವಜನಿಕರಿಗೆ ತೆರೆಯುವ ಮೊದಲು ಪ್ರೈವೆಸಿ ಪಾಲಿಸಿಯ ಕೊಂಡಿ ಕೇಳುತ್ತಾರೆ. ಮಾಹಿತಿ ಅಳಿಸಲು ಬಳಕೆದಾರ ಏನು ಮಾಡಬೇಕು ಎಂಬ ಪುಟವನ್ನೂ ಕೇಳುತ್ತಾರೆ. ಹೆಚ್ಚಿನವರು ಇಲ್ಲಿ ಬೇರೆ ಯಾವುದೋ ಕಂಪನಿಯ ಪಾಲಿಸಿ ನಕಲು ಮಾಡಿ, ಹೆಸರು ಬದಲಿಸಿ ಹಾಕಿಬಿಡುತ್ತಾರೆ. ನೀನು ಹಾಗೆ ಮಾಡಬೇಡ. ನೀನು ಸಂಗ್ರಹಿಸದ ಮಾಹಿತಿಯ ಬಗ್ಗೆ ಅದು ಹತ್ತು ಪುಟ ಹೇಳುತ್ತದೆ, ಸಂಗ್ರಹಿಸುವುದರ ಬಗ್ಗೆ ಒಂದು ಸಾಲೂ ಹೇಳುವುದಿಲ್ಲ. ಏನು ತಗೊಳ್ಳುತ್ತೇವೆ, ಯಾಕೆ, ಎಷ್ಟು ದಿನ ಇಡುತ್ತೇವೆ, ಯಾರಿಗೆ ಕೊಡುತ್ತೇವೆ, ಅಳಿಸಲು ಯಾರನ್ನು ಕೇಳಬೇಕು. ಈ ಐದಕ್ಕೆ ನಿಜವಾದ ಉತ್ತರ ಬರೆದರೆ ಒಂದು ಪುಟ ಸಾಕು. ಅಳಿಸುತ್ತೇವೆ ಎಂದು ಬರೆದ ಮೇಲೆ ಅಳಿಸುವ ಗುಂಡಿ ನಿಜವಾಗಿಯೂ ಕೆಲಸ ಮಾಡಬೇಕು.

ತನ್ನ ಮಾಹಿತಿಯ ಮೇಲೆ ಅತಿಥಿಗಿರುವ ಹಕ್ಕಿನ ಹಿಂದೆ ಕನ್ನಡ ನೆಲದ ಒಬ್ಬ ಹಿರಿಯರ ಶ್ರಮವಿದೆ ಎಂಬುದು ನಿನಗೆ ತಿಳಿದಿರಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದರ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಈ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ತಂದೆ-ತಾಯಿಯ ಒಪ್ಪಿಗೆ ಬೇಕು. ಮಾಹಿತಿಯ ರಕ್ಷಣೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು.

ಅದೇ ಕಾಯ್ದೆಯ ಇನ್ನೊಂದು ಅಂಶ ನನಗೆ ಬಹಳ ಹಿಡಿಸಿತು. ಮಾಹಿತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗೆ ಇರಬೇಕು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ನಾನಾ ಕಡೆಯವರು ಬಂದು ನೆಲೆಸಿದ ಊರು ನಮ್ಮ ದಾಂಡೇಲಿ. ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ನಾಲ್ಕೂ ಆ ಪಟ್ಟಿಯಲ್ಲಿವೆ. ನಿನ್ನ ಒಂದು ಪುಟದ ಪಾಲಿಸಿಯನ್ನು ಮೊದಲು ಕನ್ನಡದಲ್ಲಿ ಬರೆ. ಉಳಿದ ಭಾಷೆಗಳಿಗೆ ನಿನ್ನ ತರಗತಿಯ ಗೆಳೆಯ-ಗೆಳತಿಯರೇ ಇದ್ದಾರೆ, ಅವರಿಂದ ಬರೆಸು. ದೊಡ್ಡ ಕಂಪನಿಗಳಿಗೆ ಕಷ್ಟವೆನಿಸುವ ಕೆಲಸ ದಾಂಡೇಲಿಯ ಹುಡುಗರಿಗೆ ಒಂದು ಸಂಜೆಯದು.

ಎಲ್ಲ ಸಿದ್ಧವಾಗುವ ತನಕ ಆ್ಯಪ್ ಡೆವಲಪ್‌ಮೆಂಟ್ ಮೋಡ್‌ನಲ್ಲೇ ಇರಲಿ. ಆಗ ನೀನು ಪಾತ್ರ ಕೊಟ್ಟವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಯಜಮಾನರು, ಅವರ ಮಗಳು, ನಿನ್ನ ಗೆಳೆಯ ಇವರನ್ನೇ ಟೆಸ್ಟರ್ ಮಾಡು. ಸಿಗ್ನಲ್ ಕಡಿಮೆ ಇರುವ ಕಡೆ, ಹಳೆಯ ಫೋನಿನಲ್ಲಿ, ಅನುಮತಿ ನಿರಾಕರಿಸಿದಾಗ, ಅರ್ಧಕ್ಕೇ ಬಿಟ್ಟು ಹೋದಾಗ ಏನಾಗುತ್ತದೆ ಎಂದು ನೋಡು. ಅನುಮತಿ ಕೊಡದವನಿಗೂ ರೂಮ್ ಸಿಗುವಂತಿರಬೇಕು.

ಇನ್ನೊಂದು ವಿಷಯದಲ್ಲಿ ನಿನ್ನ ನೆಲೆ ಎಲ್ಲಿದೆ ಎಂದು ಸರಿಯಾಗಿ ತಿಳಿದುಕೋ. ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ನಡೆಸುವವರ ಬಳಿ ತೆಪ್ಪವಿದೆ, ನುರಿತ ಗೈಡ್‌ಗಳಿದ್ದಾರೆ, ನೀರು ಮಾತ್ರ ಅವರದಲ್ಲ. ಮೇಲೆ ಸೂಪಾ ಅಣೆಕಟ್ಟಿನಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟರೆ ತೆಪ್ಪ ಓಡುತ್ತದೆ, ಇಲ್ಲವಾದರೆ ದಡದಲ್ಲಿ ಕಾಯಬೇಕು. ನಿನ್ನ ಆ್ಯಪೂ ಹಾಗೆಯೇ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದವು. ಫೇಸ್‌ಬುಕ್ ಲಾಗಿನ್ ನಂಬಿದ್ದ ಬೇರೆ ತಾಣಗಳೊಳಗೂ ಜನರಿಗೆ ಹೋಗಲಾಗಲಿಲ್ಲ. 2023ರಲ್ಲಿ ಟ್ವಿಟರ್ ಡೆವಲಪರ್‌ಗಳಿಗೆ ಕೊಡುತ್ತಿದ್ದ ಹಳೆಯ ಉಚಿತ ಪ್ರವೇಶವನ್ನು ನಿಲ್ಲಿಸಿದಾಗ ಅದನ್ನೇ ನೆಚ್ಚಿದ್ದ ಎಷ್ಟೋ ಸಣ್ಣ ಆ್ಯಪ್‌ಗಳು ಮುಚ್ಚಿದವು. ನಿನ್ನ ಆ್ಯಪ್ ಮೆಟಾದೊಡನೆ ಮಾತಾಡುವ ಎಪಿಐ ಆವೃತ್ತಿಗಳೂ ಸುಮಾರು ಎರಡು ವರ್ಷಕ್ಕೆ ಹಳತಾಗುತ್ತವೆ, ಅವನ್ನು ಬದಲಾಯಿಸಬೇಕಾಗುತ್ತದೆ.

ಆದ್ದರಿಂದ ಬುಕಿಂಗ್ ಲೆಕ್ಕ ನಿನ್ನ ಯಜಮಾನರ ಸ್ವಂತ ದಾಖಲೆಯಲ್ಲಿರಲಿ. ಹೋಮ್‌ಸ್ಟೇಗೆ ಅದರದೇ ಹೆಸರಿನ ವೆಬ್ ವಿಳಾಸವಿರಲಿ, ಗೋಡೆಯ ಮೇಲೆ ಫೋನ್ ನಂಬರಿರಲಿ. ಸಾಮಾಜಿಕ ಜಾಲತಾಣ ಅತಿಥಿಯನ್ನು ಬಾಗಿಲ ತನಕ ಕರೆತರಲಿ. ಅದು ಒಂದು ದಿನ ನಿಂತರೂ ಬಂದವರಿಗೆ ಊಟ, ಹಾಸಿಗೆ ತಪ್ಪಬಾರದು.

ಕೊನೆಗೆ ಇಷ್ಟು ಮಾಡು. ಲೈವ್ ಗುಂಡಿ ಒತ್ತುವ ಮೊದಲು ಕಾಕಾ-ಕಾಕಿಯನ್ನು ಕೂರಿಸಿಕೊಂಡು ಆ ಒಂದು ಪುಟದ ಪಾಲಿಸಿಯನ್ನು ಅವರ ಭಾಷೆಯಲ್ಲಿ ಗಟ್ಟಿಯಾಗಿ ಓದು. ನಾಳೆ ಅತಿಥಿ ಕೇಳಿದರೆ ಉತ್ತರ ಹೇಳಬೇಕಾದವರು ಅವರು. "ಇದು ಯಾಕೆ ಬೇಕಪ್ಪಾ?" ಎಂದು ಕಾಕಿ ಯಾವ ಸಾಲಿನಲ್ಲಿ ಕೇಳುತ್ತಾರೋ ಅಲ್ಲಿ ನಿಲ್ಲು. ನಿನ್ನ ಉತ್ತರ ಅವರಿಗೆ ಒಪ್ಪಿಗೆಯಾಗದಿದ್ದರೆ ಆ ಮಾಹಿತಿಯನ್ನು ಆ್ಯಪಿನಿಂದ ತೆಗೆದುಹಾಕು, ಆಮೇಲೆ ಗುಂಡಿ ಒತ್ತು. ವರ್ಷಕ್ಕೊಮ್ಮೆ ಮೆಟಾ ದೃಢೀಕರಣ ಕೇಳಿದಾಗಲೂ ಹೀಗೆಯೇ ಕೂತು ಓದಿ, ಬೇಡವಾದ ಹಳೆಯ ದಾಖಲೆಗಳನ್ನು ಅಳಿಸಿ, ಸಹಿ ಹಾಕು. ಹೀಗೆ ಕೆಲಸ ಮಾಡಿದವನನ್ನು ಊರು ನಂಬುತ್ತದೆ, ಎರಡನೇ ಕೆಲಸ ಹುಡುಕಿಕೊಂಡು ಬರುತ್ತದೆ. ನಿನಗೆ ಒಳ್ಳೆಯದಾಗಲಿ.